ನಮ್ಮ ಓಣಿಯ ಸೋಲಾರ್ ನೀರು: ಒಂದೂವರೆ ವರ್ಷ ಬಳಸಿದ ಮೇಲೆ

ಮುಂಡರಗಿ ತಾಲೂಕಿನ ನಮ್ಮ ಹಳ್ಳಿಗೆ ಇಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ಬಂದು ಬೋರಿಗೆ ಸೋಲಾರ್ ಪಂಪ್ ಕೂಡಿಸಿ ಒಂದೂವರೆ ವರ್ಷ ಆಯಿತು. ದಿನಾ ಆ ನೀರು ತುಂಬುವವಳು ನಾನು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ತ್ರೀ ಫೇಸ್ ಕರೆಂಟ್ ಬಂದಾಗಲೇ ನೀರು. ರಾತ್ರಿ 2 ಗಂಟೆಗೆ ಬಂದರೆ ಆಗಲೇ ಎದ್ದು ಕೊಡ ಹಿಡಿಯಬೇಕಿತ್ತು. ಈಗ 335 ವ್ಯಾಟಿನ 9 ಪ್ಯಾನೆಲ್, 3 ಎಚ್‌ಪಿ ಪಂಪ್. ಬ್ಯಾಟರಿ ಇಲ್ಲ. "ಬ್ಯಾಟರಿ ಕೆಟ್ಟರೆ ದುಡ್ಡು ಯಾರು ಹಾಕ್ತಾರೆ ಅಕ್ಕಾ? ಬಿಸಿಲಿದ್ದಾಗ ನೀರು ಮೇಲೆ ಏರಿಸಿ ಇಡೋಣ" ಅಂದಳು ಒಬ್ಬ ಹುಡುಗಿ. 5,000 ಲೀಟರಿನ ಎರಡು ಸಿಂಟೆಕ್ಸ್ ಇಟ್ಟರು. ಬೇಸಿಗೆಯಲ್ಲಿ ಮಧ್ಯಾಹ್ನದೊಳಗೆ ಎರಡೂ ತುಂಬುತ್ತವೆ. ಆಷಾಢದ ಮೋಡಕ್ಕೆ ಮಾತ್ರ ಅರ್ಧವೇ.

ನಮ್ಮದು ಎರಿ ಭೂಮಿ, ಅಂದರೆ ಕಪ್ಪು ಮಣ್ಣು, ಧೂಳು ಜಾಸ್ತಿ. ಬಿಸಿಲು ಏರುವ ಮೊದಲೇ ಪ್ಯಾನೆಲ್ ಒರೆಸಬೇಕು, ಕಾದ ಗಾಜಿಗೆ ತಣ್ಣೀರು ಹಾಕಬಾರದು ಅಂತ ಸಂಘದ ಇಬ್ಬರಿಗೆ ಕಲಿಸಿದರು. ಅದರಲ್ಲಿ ನಾನೂ ಒಬ್ಬಳು. ಮೊದಲ ಸಲ ಒರೆಸಿದಾಗ ಬಟ್ಟೆ ಹಂಚಿನ ಮಸಿ ಒರೆಸಿದ ಹಾಗೆ ಕಪ್ಪಾಯಿತು. ಅವತ್ತು ಟ್ಯಾಂಕ್ ಬೇಗ ತುಂಬಿತು.

ನೀರು ಪರೀಕ್ಷೆ ಮಾಡಿಸಿದಾಗ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿತ್ತು. ಮುಚ್ಚಿಡಲಿಲ್ಲ ಅವರು. ಟ್ಯಾಂಕಿನ ಮೇಲೆ ಕೆಂಪು ಬಣ್ಣದಲ್ಲಿ "ಕುಡಿಯಲು ಅಲ್ಲ" ಅಂತ ಬರೆದೇ ಹೋದರು. ನನಗೆ ಅವರ ಮೇಲೆ ನಂಬಿಕೆ ಬಂದದ್ದು ಅವತ್ತೇ. ಕುಡಿಯೋಕೆ ಈಗಲೂ ಶುದ್ಧ ನೀರಿನ ಘಟಕಕ್ಕೇ ಹೋಗುತ್ತೇವೆ. ಬಟ್ಟೆ, ಪಾತ್ರೆ, ಮೈ ತೊಳೆಯೋಕೆ ಈ ನೀರು.

ಬೇಜಾರಾದದ್ದು ಒಂದು ವಿಷಯಕ್ಕೆ. ಕಳೆದ ಜೂನ್‌ನಲ್ಲಿ ಪಂಪ್ ನಿಂತಿತು. ಕಟ್ಟಿದವರ ಪರೀಕ್ಷೆ ಮುಗಿದು ಎಲ್ಲರೂ ಕೆಲಸಕ್ಕೆ ಹೋಗಿದ್ದರು. ಕೆಳಗಿನ ವರ್ಷದವರಿಗೆ ಯಾವ ವೈರ್ ಎಲ್ಲಿಗೆ ಅಂತ ಗೊತ್ತಿಲ್ಲ. 11 ದಿನ ಹೊಲದ ಬಾವಿಯಿಂದ ನೀರು ಹೊತ್ತೆವು. ನನ್ನ ಮಗಳು ಮೂರು ದಿನ ಶಾಲೆ ಬಿಟ್ಟಳು. ಕೊನೆಗೆ ನೋಡಿದರೆ, ಬೋರಿನಲ್ಲಿ ನೀರು ಇಳಿದರೆ ಪಂಪ್ ನಿಲ್ಲಿಸುವ ಸೆನ್ಸರಿನ ವೈರ್ ಇಲಿ ಕಡಿದಿತ್ತು, ಅಷ್ಟೇ. ಕಾಲು ಗಂಟೆಯ ಕೆಲಸ ಅಲ್ವಾ?

ಆಮೇಲೆ ಕಂಟ್ರೋಲರ್ ಡಬ್ಬಿಯ ಬಾಗಿಲ ಒಳಗೆ ಯಾವ ಬಣ್ಣದ ವೈರ್ ಯಾವುದಕ್ಕೆ ಅಂತ ಕನ್ನಡದಲ್ಲಿ ಬರೆದು ಅಂಟಿಸಿದ್ದಾರೆ. ಹೊಸ ಹುಡುಗರು ಆರು ತಿಂಗಳಿಗೊಮ್ಮೆ ಬರುತ್ತಾರೆ. ನಿಮ್ಮೂರಿಗೆ ಇಂಥ ತಂಡ ಬಂದರೆ ಪ್ಯಾನೆಲ್ ಎಷ್ಟು ಅಂತ ಆಮೇಲೆ ಕೇಳಿ. ಮುಂದಿನ ವರ್ಷ ಫೋನ್ ಎತ್ತುವವರು ಯಾರು ಅಂತ ಮೊದಲು ಕೇಳಿ.

ನಳ ಇನ್ನೂ ತಗ್ಗಿನಲ್ಲೇ ಇದೆ. ಕೊಡ ಓರೆ ಮಾಡಿಯೇ ಹಿಡಿಯಬೇಕು. ದೀಪಾವಳಿ ರಜೆಗೆ ಬಂದಾಗ ಎತ್ತರಿಸಿ ಕಟ್ಟೆ ಕಟ್ಟಿಕೊಡುತ್ತೇವೆ ಅಂದಿದ್ದಾರೆ. ಕಲ್ಲು ನಾವು ತಂದು ಇಟ್ಟಿದ್ದೇವೆ.