ಅವ್ವನ ಜೊತೆ ಮಾದಪ್ಪನ ಬೆಟ್ಟಕ್ಕೆ ಸರ್ಕಾರಿ ಬಸ್ಸಿನಲ್ಲಿ

ಮೊದಲು ಖರ್ಚು ಹೇಳಿಬಿಡುತ್ತೇನೆ, ಎಲ್ಲರೂ ಕೇಳೋದು ಅದನ್ನೇ. ಮೈಸೂರಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ನಾನು ಮತ್ತು ನಮ್ಮವ್ವ ಹೋಗಿ, ಒಂದು ರಾತ್ರಿ ಉಳಿದು, ಮಾರನೇ ದಿನ ಸಂಜೆ ಮನೆ ಸೇರುವಷ್ಟರಲ್ಲಿ ಇಬ್ಬರಿಗೂ ಸೇರಿ ಆಗಿದ್ದು 1,160 ರೂಪಾಯಿ. ಬಸ್ಸಿಗೆ ಒಂದು ರೂಪಾಯಿಯೂ ಇಲ್ಲ. ರೂಮು, ಧೂಪದ ಸಾಮಾನು, ಹಣ್ಣುಕಾಯಿ, ಕಾಫಿ ತಿಂಡಿ, ಅಕ್ಕಪಕ್ಕದ ಮನೆಗೆ ಹಂಚೋಕೆ ತಂದ ಲಾಡು, ಅವ್ವ ಹುಂಡಿಗೆ ಹಾಕಿದ್ದು, ಎಲ್ಲಾ ಇದರಲ್ಲೇ ಬಂತು.

ದುಡ್ಡು ಉಳಿದಿದ್ದು ಸಂತೋಷವೇ. ಅದಕ್ಕಿಂತ ಜಾಸ್ತಿ ಸಂತೋಷ ಯಾವುದಕ್ಕೆ ಅಂದರೆ, ಬೆಟ್ಟದ ಮೇಲೆ ಅವ್ವನಿಗೆ ಅವಳಿಗೆ ಬೇಕಾದಷ್ಟು ಹೊತ್ತು ಸಿಕ್ಕಿತು.

ಎರಡು ವರ್ಷದ ಹಿಂದೆ ಇದೇ ಬೆಟ್ಟಕ್ಕೆ ಒಂದು ಪ್ಯಾಕೇಜ್ ಟೆಂಪೊದಲ್ಲಿ ಹೋಗಿದ್ದೆವು. ಯಾರದು ಅಂತ ಹೆಸರು ಬೇಡ. ತಲೆಗೆ 1,400 ತೆಗೆದುಕೊಂಡರು. ಒಂದೇ ದಿನದಲ್ಲಿ ಮೂರು ದೇವಸ್ಥಾನ ತೋರಿಸುತ್ತೇವೆ ಅಂದಿದ್ದರು, ತೋರಿಸಿದರು ಕೂಡ. ಆದರೆ ಬೆಟ್ಟದಲ್ಲಿ ನಮಗೆ ಕೊಟ್ಟಿದ್ದು ಒಂದೂವರೆ ಗಂಟೆ. ದರ್ಶನದ ಸಾಲಿನಲ್ಲೇ ಒಂದು ಗಂಟೆ ಹೋಯಿತು. ಹೊರಗೆ ಕಾಲಿಡುವಷ್ಟರಲ್ಲಿ ಡ್ರೈವರ್ ಫೋನು, ಬನ್ನಿ ಬನ್ನಿ, ಎಲ್ಲರೂ ಬಂದಾಯ್ತು, ನಿಮ್ಮಿಂದಲೇ ಲೇಟು ಅಂತ. ಅವ್ವ ಗಾಡಿ ಹತ್ತಿ ಕೂತವಳು ಹನೂರು ದಾಟುವವರೆಗೂ ಒಂದು ಮಾತಾಡಲಿಲ್ಲ. ಅವಳ ಹರಕೆ ಹಾಗೇ ಬಾಕಿ ಉಳಿದುಬಿಟ್ಟಿತ್ತು.

ಹರಕೆ ಏನು ಅಂದರೆ, ನನ್ನ ಮಗಳು ಡೆಂಗಿ ಜ್ವರದಲ್ಲಿ ಎಂಟು ದಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವ್ವ ಮಾದಪ್ಪನಿಗೆ ರಜ ಹೊಡೆಯುತ್ತೇನೆ ಅಂತ ಹೇಳಿಕೊಂಡಿದ್ದಳು. ಮಾದಪ್ಪನ ಒಕ್ಕಲಿನವರಿಗೆ ಇದು ಗೊತ್ತು. ಬೇರೆಯವರಿಗೆ ಹೇಳುತ್ತೇನೆ. ರಜ ಅಂದರೆ ಧೂಳು. ಪರಕೆ ಹಿಡಿದು ದೇವಸ್ಥಾನದ ಸುತ್ತ ಗುಡಿಸುತ್ತಾ ಬರುವುದು. ಉರುಳು ಸೇವೆ, ಪಂಜಿನ ಸೇವೆ ಹೇಗೋ ಹಾಗೆ ಇದೂ ಒಂದು ಸೇವೆ. ಬೇಕಾಗೋದು ಒಂದು ಪರಕೆ, ಒಂದಷ್ಟು ಹೊತ್ತು. ಪರಕೆ ಇತ್ತು, ಹೊತ್ತು ಇರಲಿಲ್ಲ.

ಹಾಗಾಗಿ ಈ ಸಲ ಅವ್ವನೇ ಹೇಳಿದಳು, "ಯಾರ ಗಾಡಿನೂ ಬ್ಯಾಡ ಕಣವ್ವ, ಬಸ್ಸಲ್ಲೇ ಹೋಗಣ. ಬಸ್ಸು ಹೋದ್ರೆ ಇನ್ನೊಂದು ಬತ್ತದೆ."

ನನಗೆ ಭಯ ಇತ್ತು. ಅವ್ವನಿಗೆ 64. ಎರಡೂ ಮಂಡಿ ನೋವು. ಮೈಸೂರಿಂದ ಬೆಟ್ಟಕ್ಕೆ 140 ಕಿಲೋಮೀಟರ್ ಮೇಲಾಗುತ್ತದೆ, ಬಸ್ಸಿನಲ್ಲಿ ನಾಲ್ಕು ಗಂಟೆಗಿಂತ ಜಾಸ್ತಿ, ಕೊನೆಯಲ್ಲಿ ಘಾಟಿ. ನಿಮ್ಮ ಮನೆಯಲ್ಲೂ ಇಂಥ ಒಬ್ಬರಿದ್ದು ನೀವೂ ಇದನ್ನೇ ಯೋಚಿಸುತ್ತಿದ್ದರೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ದಿನ ಸರಿಯಾಗಿ ಆರಿಸಿದರೆ ಅರ್ಧ ಕೆಲಸ ಮುಗಿದಂತೆ. ಅಮಾವಾಸ್ಯೆ ಬೇಡ, ಸೋಮವಾರ ಬೇಡ. ಶಿವರಾತ್ರಿ, ಯುಗಾದಿ, ದೀಪಾವಳಿಗೆ ಅಲ್ಲಿ ಜಾತ್ರೆ, ಆಗ ವಯಸ್ಸಾದವರನ್ನು ಕರೆದುಕೊಂಡು ಬಸ್ಸಿನಲ್ಲಿ ಹೋಗುವ ಮಾತೇ ಬೇಡ. ಅಮಾವಾಸ್ಯೆಗೇ ಹೋಗಬೇಕು ಅಂತ ಹರಕೆ ಇದ್ದವರು ಒಂದು ದಿನ ಮುಂಚೆ ಹೋಗಿ ಉಳಿಯಿರಿ. ನಾವು ಬುಧವಾರ ಹೊರಟೆವು.

ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ ಅನ್ನುವ ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದಾಗಿನಿಂದ ಅವ್ವ ನಂಜನಗೂಡು, ತಲಕಾಡು ಎಲ್ಲಾ ತನ್ನ ಪಾಡಿಗೆ ತಾನು ಹೋಗಿ ಬಂದಿದ್ದಾಳೆ. ನನಗಿಂತ ಚೆನ್ನಾಗಿ ಅವಳಿಗೇ ಲೆಕ್ಕ ಗೊತ್ತು. ಆಧಾರ್ ಕಾರ್ಡನ್ನು ಎಲೆಅಡಿಕೆ ಸಂಚಿಯಲ್ಲಿ ಇಟ್ಟಿರುತ್ತಾಳೆ. ಲ್ಯಾಮಿನೇಷನ್ ಅಂಚಿಗೆ ಸುಣ್ಣ ಮೆತ್ತಿಕೊಂಡಿದೆ. ಕಂಡಕ್ಟರ್ ಇನ್ನೂ ನಾಲ್ಕು ಸೀಟು ಹಿಂದೆ ಇರುವಾಗಲೇ ಸಂಚಿ ಬಿಚ್ಚಿ, ಕಾರ್ಡು ತೆಗೆದು, ಸೆರಗಿನಲ್ಲಿ ಒಮ್ಮೆ ಒರೆಸಿ, ಫೋಟೊ ಮೇಲೆ ಬರುವ ಹಾಗೆ ಹಿಡಿದುಕೊಂಡು ಕಾಯುತ್ತಾಳೆ. ಸೊನ್ನೆ ರೂಪಾಯಿ ಟಿಕೆಟ್ ಕೈಗೆ ಬಂದ ಮೇಲೆ ಅದನ್ನು ನಾಲ್ಕು ಮಡಿಕೆ ಮಾಡಿ ಅದೇ ಸಂಚಿಗೆ. ಇಳಿಯುವವರೆಗೂ ಟಿಕೆಟ್ ಜೋಪಾನ, ಚೆಕಿಂಗ್ ಬಂದರೆ ಬೇಕಾಗುತ್ತದೆ. ಸಾಮಾನ್ಯ ಬಸ್ಸಿಗೆ ಮಾತ್ರ ಇದು, ರಾಜಹಂಸ, ಎಸಿ ಬಸ್ಸಿಗೆಲ್ಲ ನಡೆಯೋದಿಲ್ಲ. ಜೊತೆಗೆ ಗಂಡಸರು ಬಂದರೆ ಅವರಿಗೆ ಟಿಕೆಟ್ ಇದ್ದೇ ಇರುತ್ತದೆ.

ಮೈಸೂರು ಸಬರ್ಬನ್ ಬಸ್ ಸ್ಟ್ಯಾಂಡಿನಿಂದ ಬೆಟ್ಟಕ್ಕೆ ನೇರ ಬಸ್ಸು ಇದೆ. ಅದು ತಪ್ಪಿದರೂ ಚಿಂತೆ ಇಲ್ಲ, ಕೊಳ್ಳೇಗಾಲಕ್ಕೆ ಹೋಗಿ ಅಲ್ಲಿಂದ ಹತ್ತಬಹುದು. ಮಂಡಿ ನೋವಿದ್ದವರಿಗೆ ನೇರ ಬಸ್ಸೇ ಒಳ್ಳೆಯದು, ಒಂದು ಸಲ ಹತ್ತಿ ಇಳಿಯೋದು ತಪ್ಪುತ್ತದೆ. ಬಸ್ಸಿನ ಮೊದಲ ಮೆಟ್ಟಿಲು ಅವ್ವನಂಥವರಿಗೆ ಎತ್ತರವೇ. ನಾನು ಹಿಂದಿನಿಂದ ಎತ್ತೋಕೆ ನೋಡುತ್ತಿದ್ದೆ, ಕಂಡಕ್ಟರ್ ಮೇಲಿಂದ ಕೈ ಕೊಟ್ಟು, "ನೋವಿಲ್ಲದ ಕಾಲು ಮೊದಲು ಇಡವ್ವ" ಅಂದರು. "ಎರಡೂ ನೋವೇ ಕಣಪ್ಪ" ಅಂದಳು. "ಹಂಗಾದ್ರೆ ಕಮ್ಮಿ ನೋವಿರೋದು" ಅಂದರು. ಅವರ ಹೆಸರು ಕೇಳಲಿಲ್ಲ, ಕೇಳಬೇಕಿತ್ತು. ಇಳಿಯುವಾಗಲೂ ಅವರೇ ಕೈ ಕೊಟ್ಟರು.

ಸೀಟು ಮುಂದೆ ಹಿಡಿಯಿರಿ. ಹಿಂದಿನ ಸೀಟಿನಲ್ಲಿ ಘಾಟಿಯಲ್ಲಿ ಹೊಟ್ಟೆ ತೊಳೆಸುತ್ತದೆ. ನಾವು ಮೂರನೇ ಸಾಲಿನಲ್ಲಿ ಕೂತೆವು. ಪರಕೆ ಕಾಲ ಹತ್ತಿರ. ಈ ಪರಕೆ ಅಂಗಡಿಯದಲ್ಲ, ಅವ್ವ ಎರಡು ಸಂಜೆ ಕೂತು ತೆಂಗಿನಗರಿ ಸೀಳಿ, ಕಡ್ಡಿ ಹೆರೆದು, ಬುಡಕ್ಕೆ ಅರಿಶಿನ ಬಟ್ಟೆ ಸುತ್ತಿ ಕಟ್ಟಿದ್ದು. ಸಾಂಬ್ರಾಣಿ ಮಾತ್ರ ಸಂತೆಪೇಟೆಯಿಂದ ತಂದಿದ್ದೆ.

ವರುಣ ಕೆರೆ ದಾಟಿ ನರಸೀಪುರ, ಅಲ್ಲಿಂದ ಕೊಳ್ಳೇಗಾಲ. ಕೊಳ್ಳೇಗಾಲದಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಲ್ಲುತ್ತದೆ. ಶೌಚಾಲಯಕ್ಕೆ ಹೋಗುವುದಿದ್ದರೆ ಇಲ್ಲೇ, ಮತ್ತೆ ಬೆಟ್ಟದವರೆಗೂ ಆಗೋದಿಲ್ಲ ಅಂತಲೇ ಇಟ್ಟುಕೊಳ್ಳಿ. ಅವ್ವ ನಿಧಾನ ನಡೆಯುತ್ತಾಳೆ, ಬಸ್ಸು ಬಿಟ್ಟುಬಿಟ್ಟರೆ ಅಂತ ನನಗೆ ಜೀವ ಬಾಯಿಗೆ ಬಂದಿತ್ತು. ಇಳಿಯುವ ಮುಂಚೆ ಕಂಡಕ್ಟರಿಗೆ ಒಂದು ಮಾತು ಹೇಳಿ ಹೋಗಿ, ಕಾಯುತ್ತಾರೆ. ತಿಂಡಿ ಮನೆಯಿಂದ ಒಯ್ಯಿರಿ. ನಾವು ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡಿದ್ದೆವು. ವಾಪಸ್ ಬರುವಾಗ ದಾರಿಯ ಒಂದು ಹೋಟೆಲಿನಲ್ಲಿ ತಿಂದ ಇಡ್ಲಿ ಬೆಳಗ್ಗೆಯದು, ಸಾಂಬಾರು ತಣ್ಣಗೆ, ಅವ್ವ ಅರ್ಧಕ್ಕೇ ತಟ್ಟೆ ಬಿಟ್ಟಳು.

ಹನೂರು ದಾಟಿದ ಮೇಲೆ ಬೆಟ್ಟಗಳು ಹತ್ತಿರ ಬರುತ್ತವೆ. ಅವ್ವ ಕಿಟಕಿಗೆ ಹಣೆ ಆನಿಸಿಕೊಂಡು ಆನುಮಲೆ, ಜೇನುಮಲೆ, ಕಾನುಮಲೆ, ಪಚ್ಚೆಮಲೆ, ಪವಳಮಲೆ, ಪೊನ್ನಾಚಿಮಲೆ, ಕೊಂಗುಮಲೆ ಅಂತ ಏಳೂ ಮಲೆ ಒಂದೇ ಉಸಿರಿಗೆ ಹೇಳಿದಳು. ಪಕ್ಕದ ಸೀಟಿನ ಅಜ್ಜಿ ಕೂಡಿಕೊಂಡರು. ಅಲ್ಲಿಂದ ಮಾತು ಸಂಕಮ್ಮನ ಕಥೆಗೆ ಬಂತು. ನಮ್ಮ ಕಡೆ ಕಂಸಾಳೆಯವರು ರಾತ್ರಿ ಪೂರ್ತಿ ಹಾಡುವ ಕಥೆ. ನೀಲೇಗೌಡ ಜೇನು ಕೀಳೋಕೆ ಕಾಡಿಗೆ ಹೊರಟವನು, ನಾನು ಬರುವ ತನಕ ತಪ್ಪಿ ನಡೆಯಲ್ಲ ಅಂತ ಬಲಗೈ ಭಾಷೆ ಕೊಡು ಅಂತ ಹೆಂಡತಿಯನ್ನು ಪೀಡಿಸುತ್ತಾನೆ. ಸಂಕಮ್ಮ ಕೊಡೋದಿಲ್ಲ. ಚಿತ್ರಹಿಂಸೆ ಕೊಟ್ಟು ಕಾಡಿನ ಗುಡಿಸಲಲ್ಲಿ ಕೂಡಿಹಾಕಿ ಹೋಗುತ್ತಾನೆ. ಅವಳ ಕೂಗು ಕೇಳಿ ಬಂದವನು ಮಾದಪ್ಪ, ಕಾರಯ್ಯ, ಬಿಲ್ಲಯ್ಯ ಅಂತ ಎರಡು ಗಂಡು ಮಕ್ಕಳನ್ನು ಕೊಟ್ಟ. ಚಿಕ್ಕವಳಿದ್ದಾಗಿಂದ ಕೇಳಿದ ಕಥೆಯೇ. ಆದರೆ ಅವತ್ತು ಆ ಬಸ್ಸಿನಲ್ಲಿ ಮುಂದಿನ ಸೀಟುಗಳಲ್ಲಿ ಕೂತಿದ್ದವರೆಲ್ಲ ಹೆಂಗಸರೇ, ಒಬ್ಬರು ಬಿಟ್ಟ ಕಡೆ ಇನ್ನೊಬ್ಬರು ಎತ್ತಿಕೊಳ್ಳುತ್ತಿದ್ದರು. ಕೊನೆಗೆ ಅವ್ವ, "ಭಾಸೆ ಯಾಕವ್ವ ಕೊಡಬೇಕು? ಅವಳ ಮನಸು ಅವಳಿಗೆ ಗೊತ್ತಿರಲಿಲ್ವಾ?" ಅಂದಳು. ಯಾರೂ ಮಾತಾಡಲಿಲ್ಲ. ಟೆಂಪೊದಲ್ಲಿ ಹೋದಾಗ ದಾರಿ ಪೂರ್ತಿ ಟಿವಿ ಹಾಕಿದ್ದರು.

ತಾಳುಬೆಟ್ಟದಿಂದ ಘಾಟಿ. ಕಾಲ್ನಡಿಗೆಯವರು ಇಲ್ಲಿಂದಲೇ ಕಾಯಿ ಒಡೆದು ಹತ್ತುತ್ತಾರೆ, ಬಸ್ಸಿನಲ್ಲಿದ್ದವರೂ ಉಘೇ ಮಾದಪ್ಪ ಅಂದರು. ಇದು 2013ರಿಂದ ವನ್ಯಜೀವಿ ಧಾಮ. ಕಿಟಕಿಯಿಂದ ಕವರು, ಬಾಟಲಿ ಎಸೆಯಬೇಡಿ, ದಯವಿಟ್ಟು. ವಾಂತಿ ಬರುವವರು ನಿಂಬೆಹಣ್ಣು ಕೈಯಲ್ಲಿ ಹಿಡಿದು ಕೂತರೆ ಸಾಕಾಗಲ್ಲ, ಘಾಟಿಗೆ ಮುಂಚೆ ಹೊಟ್ಟೆ ಬಿರಿಯ ತಿನ್ನದೇ ಇರಬೇಕು. ಮೇಲೆ ಹತ್ತುವಾಗ ದೂರದಿಂದ ಹುಲಿಯ ಮೇಲೆ ಕೂತ 108 ಅಡಿಯ ಮಾದಪ್ಪ ಕಂಡ. ಅವ್ವ ಚಪ್ಪಲಿ ಬಿಟ್ಟು ಕಾಲನ್ನು ಮೇಲೆಳೆದುಕೊಂಡು ಕೈ ಮುಗಿದಳು.

ಉಳಿದುಕೊಂಡಿದ್ದು ದೇವಸ್ಥಾನದ ವಸತಿಗೃಹದ ಸಾದಾ ರೂಮಿನಲ್ಲಿ. ಎರಡು ಮಂಚ, ಒಂದು ಫ್ಯಾನು, ಬಕೆಟು, ಚೊಂಬು. ಇಬ್ಬರಿಗೆ ಇನ್ನೇನು ಬೇಕು? ಕೆಳಗಿನ ಮಹಡಿ ಕೇಳಿ ತೆಗೆದುಕೊಂಡೆ. ಹೊದಿಕೆ ನಿಮ್ಮದೇ ಒಂದು ಇರಲಿ, ಬೆಳಗಿನ ಜಾವ ಚಳಿ ಇರುತ್ತದೆ. ಬುಧವಾರ ಮಧ್ಯಾಹ್ನ ದರ್ಶನಕ್ಕೆ ಜಾಸ್ತಿ ಹೊತ್ತಾಗಲಿಲ್ಲ. ಪೂಜೆ ಮಾಡುವವರು ಬೇಡಗಂಪಣ ಸಮುದಾಯದವರು. ಅವ್ವ ಗರ್ಭಗುಡಿಯ ಮುಂದೆ ಮೊಮ್ಮಗಳ ಹೆಸರನ್ನು ಜೋರಾಗಿಯೇ ಹೇಳಿದಳು. ಊಟಕ್ಕೆ ದಾಸೋಹ. ಬಿಸಿ ಅನ್ನ, ಸಾರು, ಪಾಯಸ, ಮಜ್ಜಿಗೆ, ಎರಡನೇ ಸಲ ಕೇಳಿದರೂ ಮುಖ ಸಿಂಡರಿಸದೆ ಬಡಿಸಿದರು. ನೆಲಕ್ಕೆ ಕೂರಲಾಗದವರು ಇದ್ದಾರೆ ಅಂತ ಮೊದಲೇ ಹೇಳಿ, ನಾನು ಹೇಳಿದ್ದಕ್ಕೆ ಅವ್ವನಿಗೆ ಕೂರಲು ಜಾಗ ಮಾಡಿಕೊಟ್ಟರು. ಸಂಜೆ ಚಿನ್ನದ ತೇರು ನೋಡಿದೆವು. ಇಷ್ಟಕ್ಕೇ ಉಳಿದುಕೊಳ್ಳಬಹುದು, ಒಂದೇ ದಿನಕ್ಕೆ ಬಂದು ಹೋಗುವವರಿಗೆ ತೇರು ಸಿಗೋದಿಲ್ಲ. ಕೋತಿ ಹುಷಾರು, ಬಾಳೆಹಣ್ಣಿನ ಕವರು ಕೈಯಲ್ಲಿ ಕಂಡರೆ ಬಿಡೋದಿಲ್ಲ.

ರಜ ಹೊಡೆದಿದ್ದು ಮಾರನೇ ದಿನ ಬೆಳಗ್ಗೆ. ತಣ್ಣೀರಲ್ಲೇ ಸ್ನಾನ ಮಾಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವ್ವ ಪರಕೆಯನ್ನು ಮೊದಲು ಕಣ್ಣಿಗೆ ಒತ್ತಿಕೊಂಡಳು. ಎಡಗೈ ಎಡ ಮಂಡಿಯ ಮೇಲೆ ಊರಿ, ಬಲಗೈಯಲ್ಲಿ ಗುಡಿಸುತ್ತಾ ಹೊರಟಳು. ಕಾಯಿನಾರು, ಒಣಗಿದ ಬಿಲ್ವಪತ್ರೆ, ಕರ್ಪೂರದ ಕಾಗದ, ಅಕ್ಕಿಕಾಳು. ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಕಲ್ಲು ಚಪ್ಪಡಿಗಳ ಸಂದಿಗೆ ಬಂದಾಗ ಪರಕೆ ತಿರುಗಿಸಿ ತುದಿಯಿಂದ ಕೆದಕಿ ತೆಗೆಯುತ್ತಿದ್ದಳು, ಮನೆ ಅಂಗಳದಲ್ಲಿ ಮಾಡುವ ಹಾಗೆಯೇ. ಅರ್ಧ ಸುತ್ತಿಗೆ ಕೈ ನಡುಗಿತು. ಕೊಡವ್ವ, ಉಳಿದಿದ್ದು ನಾನು ಗುಡಿಸ್ತೀನಿ ಅಂದೆ. "ಹರಕೆ ನಂದು, ಕೈ ನಿಂದಾದ್ರೆ ಹೆಂಗವ್ವ?" ಅಂದಳು. ಒಂದು ಸುತ್ತಿಗೆ ಹತ್ತಿರ ಹತ್ತಿರ ಮುಕ್ಕಾಲು ಗಂಟೆ ಆಯಿತು. ಒಬ್ಬರೂ ಬೇಗ ಅನ್ನಲಿಲ್ಲ. ಉರುಳು ಸೇವೆಯವರು ಬಂದಾಗ ಅವ್ವನೇ ಪಕ್ಕಕ್ಕೆ ನಿಂತು ದಾರಿ ಬಿಟ್ಟಳು.

ಮುಗಿಸಿ ಮೆಟ್ಟಿಲ ಮೇಲೆ ಕೂತಿದ್ದಾಗ ಹುಣಸೂರು ಕಡೆಯ ಒಬ್ಬ ಹೆಣ್ಣುಮಗಳು ಬಂದು, ರಜ ಹೊಡೀಬೇಕಿತ್ತು, ಪರಕೆ ಮರೆತು ಬಂದೆ, ಎಲ್ಲಿ ಸಿಗುತ್ತದೆ ಅಂತ ಕೇಳಿದಳು. ಅವ್ವ ತನ್ನ ಪರಕೆಯನ್ನೇ ಕೊಟ್ಟುಬಿಟ್ಟಳು.

ವಾಪಸ್ ಬಸ್ಸು ಕೊಳ್ಳೇಗಾಲದವರೆಗೂ ತುಂಬಿತ್ತು. ಬೆಟ್ಟದ ಬಸ್ ಸ್ಟ್ಯಾಂಡಿಗೆ ಅರ್ಧ ಗಂಟೆ ಮುಂಚೆಯೇ ಹೋಗಿದ್ದಕ್ಕೆ ನಮಗೆ ಸೀಟು ಸಿಕ್ಕಿತು, ನೀವೂ ಹಾಗೇ ಮಾಡಿ. ಅವ್ವ ಹನೂರಿನಿಂದಲೇ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಕೊಳ್ಳೇಗಾಲದಲ್ಲಿ ಆ ಇಡ್ಲಿಗೆ ಎದ್ದವಳು ಮತ್ತೆ ಮಲಗಿದಳು. ನರಸೀಪುರದಲ್ಲಿ ಕಪಿಲೆ ಸೇತುವೆ ಬಂದಾಗ ಎಚ್ಚರವಾಗಿ, ಬಗ್ಗಿ ಕಾಲ ಹತ್ತಿರ ಕೈಯಾಡಿಸಿದಳು. ಪರಕೆ ಕೊಟ್ಟುಬಿಟ್ಟೆಯಲ್ಲವ್ವಾ ಅಂದೆ. "ಹೌದಲ್ವಾ" ಅಂತ ಹೇಳಿ, ಹೊಳೆಗೆ ಕೈ ಮುಗಿದು, ಸಂಚಿ ಬಿಚ್ಚಿ ಟಿಕೆಟ್ ಇದೆಯಾ ಅಂತ ನೋಡಿಕೊಂಡಳು.