ಚಾರ್‌ಧಾಮ್ ಯಾತ್ರೆ ಯಾರ ಕೈಗೆ ಒಪ್ಪಿಸಬೇಕು? ಊರಿನ ಟ್ರಾವೆಲ್ಸ್, ದೊಡ್ಡ ಕಂಪನಿ, ಹರಿದ್ವಾರದ ಏಜೆಂಟ್, ಜಿಎಂವಿಎನ್: ಒಂದು ಹೋಲಿಕೆ

ಯಮುನೋತ್ರಿ, ಗಂಗೋತ್ರಿ, ಕೇದಾರ, ಬದರಿ ನಾಲ್ಕನ್ನೂ ಒಂದೇ ಸುತ್ತಿನಲ್ಲಿ ಮಾಡಲು ಹರಿದ್ವಾರದಿಂದ ಹೊರಟು ಹರಿದ್ವಾರಕ್ಕೆ ಮರಳುವವರೆಗೆ ಸುಮಾರು 10 ದಿನ ಹಿಡಿಯುತ್ತದೆ. ಕರ್ನಾಟಕದವರಿಗೆ ಇದನ್ನು ಹೊಂದಿಸಿಕೊಡುವವರಲ್ಲಿ ಮುಖ್ಯವಾಗಿ ನಾಲ್ಕು ಬಗೆ. ಎಲ್ಲ ಕಡೆಯೂ ಒಂದೇ ಪ್ರಶ್ನೆ ಕೇಳಿ ನೋಡಿದ್ದೇವೆ, ಅದು ಚೆನ್ನಾಗಿ ಕೆಲಸ ಮಾಡುತ್ತದೆ: "ಉತ್ತರಕಾಶಿಯಿಂದ ಗುಪ್ತಕಾಶಿಗೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡಿಸ್ತೀರಿ? ಮಾರನೇ ದಿನ ಕೇದಾರದ ಮೇಲೆ ರಾತ್ರಿ ಉಳಿಸ್ತೀರಾ?"

ಈ ಪ್ರಶ್ನೆಯೇ ಏಕೆ? ಉತ್ತರಕಾಶಿ–ಗುಪ್ತಕಾಶಿ ಸುಮಾರು 200 ಕಿ.ಮೀ. ಬೆಟ್ಟದ ದಾರಿ, ಎಂಟೊಂಬತ್ತು ಗಂಟೆಯ ಪ್ರಯಾಣ. ರಾತ್ರಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಹತ್ತು ಗಂಟೆಗೆ ತಿಂಡಿ ಮುಗಿಸಿ ಹೊರಟರೆ, ನಡುವೆ ಎಲ್ಲಾದರೂ ಗುಡ್ಡ ಜರಿದರೆ, ಗುಪ್ತಕಾಶಿ ಮುಟ್ಟುವುದೇ ಇಲ್ಲ. ಮಾರನೇ ದಿನ ಸೋನ್‌ಪ್ರಯಾಗಕ್ಕೆ 30 ಕಿ.ಮೀ. ನಿಮ್ಮ ಗಾಡಿ ಅಲ್ಲೇ ನಿಲ್ಲುತ್ತದೆ. ನೋಂದಣಿ ತಪಾಸಣೆ ಮುಗಿಸಿ ಸ್ಥಳೀಯ ಜೀಪಿನಲ್ಲಿ 5 ಕಿ.ಮೀ. ಗೌರೀಕುಂಡಕ್ಕೆ ಹೋಗಬೇಕು, ಅಲ್ಲಿಂದ 16 ಕಿ.ಮೀ. ಏರು. ಕೇದಾರ ಇರುವುದು 3,583 ಮೀಟರ್ ಎತ್ತರದಲ್ಲಿ. "ದರ್ಶನ ಮುಗಿಸಿ ಅದೇ ಸಂಜೆ ಗುಪ್ತಕಾಶಿಗೆ ವಾಪಸ್" ಎಂದು ಬರೆದುಕೊಡುವವರು ಒಂದೇ ದಿನ 32 ಕಿ.ಮೀ. ನಡೆಸುತ್ತಿದ್ದಾರೆ, ಇಲ್ಲವೇ ಹೆಲಿಕಾಪ್ಟರ್ ಟಿಕೆಟ್ ಸಿಕ್ಕೇ ಸಿಗುತ್ತದೆಂದು ಲೆಕ್ಕ ಹಾಕಿದ್ದಾರೆ. ಅಂಥ ಪಟ್ಟಿಯನ್ನು ಅಲ್ಲಿಗೇ ಬದಿಗಿಡಿ.

ಊರಿನ ಟ್ರಾವೆಲ್ಸ್. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ಗುಂಪು ಕಟ್ಟಿಕೊಂಡು ಹೋಗುವವರು. ಅಡುಗೆಯವರು, ಪಾತ್ರೆ, ಗ್ಯಾಸ್ ಒಲೆ ಜೊತೆಗೇ ಬರುತ್ತವೆ. ಅರವತ್ತೈದು ದಾಟಿದ ಅಪ್ಪ ಅಮ್ಮನಿಗೆ ಹತ್ತು ದಿನ ಅನ್ನ ಸಾರು ಸಿಗುವುದು ಸಣ್ಣ ವಿಷಯವಲ್ಲ. ಎತ್ತರದಲ್ಲಿ ಹಸಿವು ಕಡಿಮೆಯಾಗುತ್ತದೆ, ಒಗ್ಗದ ಊಟವನ್ನು ಬಿಟ್ಟೇಬಿಡುತ್ತಾರೆ. ಜೊತೆಗೆ ಬರುವ ಮ್ಯಾನೇಜರ್ ಎಷ್ಟು ಸಲ ಹೋಗಿ ಬಂದವರು ಎಂಬುದರ ಮೇಲೆ ಉಳಿದೆಲ್ಲವೂ ನಿಂತಿದೆ. ಮಾಲೀಕರಿಗೆ ದಾರಿ ಗೊತ್ತಿದ್ದು ಹುಡುಗ ಹೊಸಬನಾದರೆ ಪ್ರಯೋಜನವಿಲ್ಲ. ಹೊರಡುವ ಮುಂಚೆ ಮ್ಯಾನೇಜರ್ ಜೊತೆಯೇ ಮಾತಾಡಿಸಿ ಎಂದು ಕೇಳಿ. ಬಲ್ಲವರು ಊಖೀಮಠವನ್ನು ತಾವಾಗಿಯೇ ಸೇರಿಸುತ್ತಾರೆ. ಕೇದಾರನ ಚಳಿಗಾಲದ ಪೂಜೆ ನಡೆಯುವ ಓಂಕಾರೇಶ್ವರ ದೇಗುಲ ಅಲ್ಲಿದೆ, ವೀರಶೈವ ಪಂಚಪೀಠಗಳಲ್ಲಿ ಒಂದಾದ ಕೇದಾರಪೀಠವೂ ಅಲ್ಲೇ. ಗುಪ್ತಕಾಶಿಯಿಂದ ಚೋಪ್ತಾ ಮೇಲೆ ಬದರಿಗೆ ಹೋಗುವ ದಾರಿಯಲ್ಲೇ ಸಿಗುತ್ತದೆ. ಕನ್ನಡದವರನ್ನು ಕರೆದೊಯ್ಯುವವರಿಗೆ ಇದು ಗೊತ್ತಿಲ್ಲವೆಂದರೆ ಯೋಚಿಸಬೇಕು.

ದೊಡ್ಡ ಕಂಪನಿ. ಹೋಟೆಲ್ ಚೊಕ್ಕಟ, ರಸೀದಿ ಸರಿ, ರದ್ದತಿ ನಿಯಮ ಬರಹದಲ್ಲಿ ಇರುತ್ತದೆ. ಆದರೆ ಫೋನಿನಲ್ಲಿ ಮಾತಾಡುವವರು ಮಾರಾಟ ವಿಭಾಗದವರು, ಜಾನಕೀಚಟ್ಟಿಯಿಂದ ಯಮುನೋತ್ರಿಗೆ ಎಷ್ಟು ದೂರ ಎಂದರೆ "ಸರ್, ಕೇಳಿ ಹೇಳ್ತೀನಿ" ಎನ್ನುತ್ತಾರೆ (ಐದಾರು ಕಿ.ಮೀ., ಕಡಿದಾದ ಏರು). ದಾರಿ ಮುಚ್ಚಿದಾಗ ದಿನಚರಿ ಬದಲಿಸಲು ಮೇಲಿನವರ ಒಪ್ಪಿಗೆ ಬೇಕಾಗಿ ಅರ್ಧ ದಿನ ಹೋಗುತ್ತದೆ. ಕುದುರೆ, ಡೋಲಿ, ಹೆಲಿಕಾಪ್ಟರ್ ಖರ್ಚು ಸಾಮಾನ್ಯವಾಗಿ ಪ್ಯಾಕೇಜಿನ ಹೊರಗೆ.

ಹರಿದ್ವಾರ, ಋಷಿಕೇಶದ ಏಜೆಂಟ್. ದಾರಿಯ ಜ್ಞಾನದಲ್ಲಿ ಇವರನ್ನು ಮೀರಿಸುವವರಿಲ್ಲ. ಮೇಲಿನ ಪ್ರಶ್ನೆಗೆ ಯೋಚಿಸದೆ "ಐದು ಗಂಟೆಗೆ ಬಿಡೋಣ, ರಾತ್ರಿ ಗುಪ್ತಕಾಶಿ ಬೇಡ, ಸೀತಾಪುರದಲ್ಲಿ ಇರಿ, ಬೆಳಿಗ್ಗೆ ಜೀಪಿನ ಸಾಲು ಚಿಕ್ಕದಿರುತ್ತೆ" ಎಂದು ಉತ್ತರ ಬಂದರೆ ಆ ಮನುಷ್ಯ ಬಲ್ಲವನು (ಸೀತಾಪುರ ಸೋನ್‌ಪ್ರಯಾಗದ ಪಕ್ಕದ ಊರು). ಮರುಪ್ರಶ್ನೆಯನ್ನೂ ಗಮನಿಸಿ: ವಯಸ್ಸೆಷ್ಟು, ಮಂಡಿ ನೋವಿದೆಯೇ, ಬಿಪಿ ಇದೆಯೇ ಎಂದು ಕೇಳದೆ ದರ ಹೇಳುವವರು ಗಾಡಿ ಬಾಡಿಗೆಗೆ ಕೊಡುವವರಷ್ಟೇ. ತೊಂದರೆ ಎರಡು: ಹಿಂದಿ ಬರಬೇಕು, ಮತ್ತು ಬಾಯಿಮಾತಿನ ವ್ಯವಹಾರ ಹೆಚ್ಚು. ಹೋಟೆಲ್ ಹೆಸರುಗಳನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. "ಅಥವಾ ಅದೇ ದರ್ಜೆಯ ಹೋಟೆಲ್" ಎಂಬ ಮಾತಿದ್ದರೆ ಆ ಇನ್ನೊಂದರ ಹೆಸರೂ ಬೇಕು. ಗಾಡಿಗೆ ಹಳದಿ ಬೋರ್ಡ್, ಗ್ರೀನ್ ಕಾರ್ಡ್ (ಗಾಡಿ ಯಾತ್ರೆಗೆ ಯೋಗ್ಯವೆಂಬ ಸಾರಿಗೆ ಇಲಾಖೆಯ ಪತ್ರ), ಟ್ರಿಪ್ ಕಾರ್ಡ್ (ಆ ಪ್ರಯಾಣದ ಚಾಲಕ, ಯಾತ್ರಿಕರ ವಿವರ) ಇವೆಯೇ ಕೇಳಿ. ಇಲ್ಲದಿದ್ದರೆ ತಪಾಸಣೆಯಲ್ಲಿ ಸಿಕ್ಕಿಬೀಳುವುದು ನೀವೂ ಹೌದು. 12 ಸೀಟಿನ ಟೆಂಪೋ ಟ್ರಾವೆಲರ್‌ನಲ್ಲಿ 12 ಜನ ಕೂತರೆ ಲಗೇಜಿಗೆ ಜಾಗವಿಲ್ಲ, ಒಂಬತ್ತು ಹತ್ತು ಜನ ಸರಿ. ಬೆಟ್ಟ ಏರುವಾಗ ಎಸಿ ಹಾಕುವುದಿಲ್ಲ, ಇದನ್ನು ಮೊದಲೇ ಹೇಳುವವರು ಪ್ರಾಮಾಣಿಕರು.

ಜಿಎಂವಿಎನ್. ಗಢವಾಲ್ ಮಂಡಲ ವಿಕಾಸ ನಿಗಮ, ಉತ್ತರಾಖಂಡ ಸರ್ಕಾರದ್ದು. ಯಾತ್ರೆಯ ದಾರಿಯುದ್ದಕ್ಕೂ ಅತಿಥಿಗೃಹಗಳಿವೆ, ಪ್ಯಾಕೇಜ್ ಪ್ರವಾಸವೂ ಇದೆ. ಜಾಗಗಳು ಒಳ್ಳೆಯವು, ದರ ನಿಗದಿ. ಕೋಣೆಗಳ ಸ್ಥಿತಿ ಊರಿಂದೂರಿಗೆ ಬೇರೆ. ಸಲಹೆ ಕೇಳಲು ಇದು ಸ್ಥಳವಲ್ಲ. ಏನು ಬೇಕೆಂದು ಮೊದಲೇ ತೀರ್ಮಾನಿಸಿಕೊಂಡವರು ಬುಕ್ ಮಾಡಲು ಚೆನ್ನ.

ಹೆಲಿಕಾಪ್ಟರ್ ಮಾತು ಬೇರೆಯೇ ಹೇಳಬೇಕು, ಹೆಚ್ಚು ದುಡ್ಡು ಕಳೆಯುವುದು ಇಲ್ಲೇ. ಗುಪ್ತಕಾಶಿ, ಫಾಟಾ, ಸಿರ್ಸಿಯಿಂದ ಕೇದಾರಕ್ಕೆ ಹೋಗುವ ಟಿಕೆಟ್ ಐಆರ್‌ಸಿಟಿಸಿ ನಡೆಸುವ ಹೆಲಿಯಾತ್ರಾ ಜಾಲತಾಣದಲ್ಲಿ, ಯಾತ್ರಾ ನೋಂದಣಿ ಸಂಖ್ಯೆ ಕೊಟ್ಟು ಮಾಡಿಸುವಂಥದ್ದು. "ನಮಗೆ ಕೋಟಾ ಇದೆ, ಹಣ ಹಾಕಿ" ಎನ್ನುವವರು ಯಾರೇ ಆಗಲಿ, ನಂಬಬೇಡಿ. ಈ ಹೆಸರಿನಲ್ಲಿ ನಕಲಿ ಜಾಲತಾಣಗಳೂ ಇವೆ. ಟಿಕೆಟ್ ಇದ್ದರೂ ಮೋಡ ಕವಿದರೆ ಹಾರಾಟವಿಲ್ಲ. ಹಾಗಾಗಿ ಕೇದಾರದ ನಂತರ ಒಂದು ಖಾಲಿ ದಿನ ಇಟ್ಟಿರುವ ದಿನಚರಿಯೇ ಒಳ್ಳೆಯದು. ಯಾತ್ರಾ ನೋಂದಣಿಗೆ ಆಧಾರ್ ಸಂಖ್ಯೆ, ಫೋನು ಇದ್ದರೆ ಸಾಕು, ನೀವೇ ಮಾಡಿಕೊಳ್ಳಿ. ಏಜೆಂಟ್ ಮಾಡಿಸಿದ್ದರೆ ಪತ್ರದಲ್ಲಿ ಹೆಸರು, ತಾರೀಖು ಸರಿಯಿದೆಯೇ ನೋಡಿ. ತಾರೀಖು ತಪ್ಪಿದ್ದರೆ ಸೋನ್‌ಪ್ರಯಾಗದಲ್ಲಿ ತಡೆಯುತ್ತಾರೆ.

ನಮ್ಮ ಆಯ್ಕೆ ಹೀಗೆ: ಹಿರಿಯರು ಹೆಚ್ಚಿದ್ದರೆ, ಮ್ಯಾನೇಜರ್ ಅನುಭವಿಯಾಗಿದ್ದರೆ, ಊರಿನ ಟ್ರಾವೆಲ್ಸ್. ನಾಲ್ಕರಿಂದ ಹತ್ತು ಜನರ ಕುಟುಂಬ, ಒಬ್ಬರಿಗಾದರೂ ಹಿಂದಿ ಬರುತ್ತದೆ ಎಂದಾದರೆ ಡೆಹ್ರಾಡೂನ್‌ವರೆಗೆ ವಿಮಾನ ನೀವೇ ಮಾಡಿಕೊಂಡು ಗಾಡಿ, ವಸತಿ ಋಷಿಕೇಶದ ಏಜೆಂಟರಿಗೆ ಬಿಡಿ. ದೊಡ್ಡ ಕಂಪನಿಗೆ ಕೊಡುವ ಹೆಚ್ಚುವರಿ ಹಣ ಈ ದಾರಿಯಲ್ಲಿ ಅಷ್ಟು ಕೆಲಸಕ್ಕೆ ಬರುವುದಿಲ್ಲ.

ಹಣದ ವಿಷಯದಲ್ಲಿ ಅಡ್ವಾನ್ಸ್ ಕಾಲು ಭಾಗ, ಹರಿದ್ವಾರದಲ್ಲಿ ಗಾಡಿ ಹತ್ತುವಾಗ ಅರ್ಧ, ಉಳಿದದ್ದು ಬದರಿ ದರ್ಶನವಾದ ಮೇಲೆ. ಪೂರ್ತಿ ಮೊದಲೇ ಕೇಳುವವರಿಗೆ ಬೇಡವೆನ್ನಿ. ಗುಡ್ಡ ಕುಸಿದು ಒಂದು ಧಾಮ ತಪ್ಪಿದರೆ ಎಷ್ಟು ವಾಪಸ್, ಒಂದು ರಾತ್ರಿ ಹೆಚ್ಚು ಉಳಿಯಬೇಕಾದರೆ ಕೋಣೆ ಬಾಡಿಗೆ ಯಾರದು, ಎರಡನ್ನೂ ಬರೆಸಿಕೊಳ್ಳಿ. ಜುಲೈ, ಆಗಸ್ಟ್ ಮಳೆಯಲ್ಲಿ ಇದು ಖಂಡಿತ ಉಪಯೋಗಕ್ಕೆ ಬರುತ್ತದೆ.

ಬಾಗಿಲು ತೆರೆಯುವ ತಾರೀಖನ್ನು ಬದರಿಗೆ ವಸಂತ ಪಂಚಮಿಯಂದು, ಕೇದಾರಕ್ಕೆ ಶಿವರಾತ್ರಿಯಂದು ಪ್ರಕಟಿಸುತ್ತಾರೆ. ಅದಕ್ಕೂ ಮುಂಚೆ ಯಾರಾದರೂ "ಮೊದಲ ದಿನದ ದರ್ಶನ ಖಚಿತ" ಎಂದು ಕೇದಾರದ ತಾರೀಖು ಸಮೇತ ಹಣ ಕೇಳಿದರೆ, ತಾರೀಖು ಹೇಗೆ ಗೊತ್ತಾಯಿತೆಂದು ಕೇಳಿ ನೋಡಿ.