1.9 ಲೀಟರ್ ಪಿಕಪ್ ಹಿಂದೆ ಕ್ಯಾಂಪರ್ ಕಟ್ಟಿಕೊಂಡು ಶಿರಾಡಿ ಹತ್ತಿ ಇಳಿದ ಮೇಲೆ

ನಮ್ಮ ಮನೆ ಉಡುಪಿಯ ಸಂತೆಕಟ್ಟೆ ಹತ್ತಿರ. ಪಿಕಪ್ ತಗೊಂಡು ಮೂರು ವರ್ಷ ಆಯಿತು, ಅದರ ಹಿಂದೆ ಕ್ಯಾಂಪರ್ ಟ್ರೇಲರ್, ಅಂದರೆ ಮಲಗಲು, ಅಡುಗೆ ಮಾಡಲು ಜಾಗ ಇರುವ ಚಕ್ರದ ಮೇಲಿನ ಸಣ್ಣ ಮನೆ, ಕಟ್ಟಲು ಶುರು ಮಾಡಿ ಒಂದೂವರೆ ವರ್ಷ. ಪೆಟ್ರೋಲ್ ಬಂಕಿನಲ್ಲಿ, ಟೋಲಿನಲ್ಲಿ, ಚಾ ಕುಡಿಯಲು ನಿಲ್ಲಿಸಿದ ಕಡೆ, ಎಲ್ಲರೂ ಕೇಳುವುದು ಒಂದೇ. "ಇಷ್ಟು ಸಣ್ಣ ಇಂಜಿನ್ ಅದನ್ನು ಎಳೀತದಾ ಮಾರಾಯ್ರೆ?" ಎಳೆಯುತ್ತದೆ. ಆರಾಮಾಗಿ ಎಳೆಯುತ್ತದೆ. ನಿಲ್ಲುತ್ತದಾ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಟ್ರೇಲರ್ ಮಾಡಿಸುವಾಗ ನಾನೂ ಕೇಳಿರಲಿಲ್ಲ. ಈ ರಿವ್ಯೂ ಬರೆಯಲು ಅದೇ ಕಾರಣ.

ಗಾಡಿ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, ಡಬಲ್ ಕ್ಯಾಬ್, ಮ್ಯಾನ್ಯುವಲ್ ಗೇರ್, ಫೋರ್ ವೀಲ್ ಡ್ರೈವ್. 1.9 ಲೀಟರ್ ಟರ್ಬೊ ಡೀಸೆಲ್, 163 ಪಿಎಸ್ ಪವರ್, 360 ಎನ್‌ಎಂ ಟಾರ್ಕ್. ಟಾರ್ಕ್, ಅಂದರೆ ಇಂಜಿನ್ ಚಕ್ರ ತಿರುಗಿಸುವ ಬಲ, ಪೂರ್ತಿ ಸಿಗುವುದು 2,000ದಿಂದ 2,500 ಆರ್‌ಪಿಎಂ ನಡುವೆ. ಈ ಎರಡು ಅಂಕಿ ನೆನಪಿಟ್ಟುಕೊಳ್ಳಿ, ಘಾಟಿಯಲ್ಲಿ ಬೇಕಾಗುತ್ತದೆ. ಮೊದಲು ಕಂಪೆನಿ ಇದೇ ಮಾಡೆಲ್‌ಗೆ 2.5 ಲೀಟರ್ ಇಂಜಿನ್ ಕೊಡುತ್ತಿತ್ತು, ಹಾಗಾಗಿ 1.9 ಅಂದ ಕೂಡಲೇ ಜನರಿಗೆ ಏನೋ ಕಮ್ಮಿಯಾಯಿತು ಅನ್ನಿಸುತ್ತದೆ. ನಿಜಕ್ಕೂ ಹಳೆಯದು 320 ಎನ್‌ಎಂ ಕೊಡುತ್ತಿತ್ತು, ಹೊಸದು ಅದಕ್ಕಿಂತ ಜಾಸ್ತಿ ಕೊಡುತ್ತದೆ.

ಅಮೆರಿಕದವರ ವಿಡಿಯೊ ನೋಡಿ ನನಗೂ ಫಿಫ್ತ್ ವೀಲ್ ಕ್ಯಾಂಪರಿನ ಆಸೆ ಹುಟ್ಟಿತ್ತು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಪಣಂಬೂರು ಬಂದರಿಗೆ ಕಂಟೇನರ್ ಹೊತ್ತು ಹೋಗುವ ಟ್ರೇಲರ್ ಲಾರಿ ನೋಡಿದ್ದೀರಲ್ಲ, ಮುಂದಿನ ಲಾರಿಯ ಬೆನ್ನ ಮೇಲೆ ಗ್ರೀಸ್ ಮೆತ್ತಿದ ಒಂದು ದಪ್ಪ ತಟ್ಟೆ ಇರುತ್ತದೆ, ಅದೇ ಫಿಫ್ತ್ ವೀಲ್. ಅಲ್ಲಿನವರು ಅದನ್ನೇ ಪಿಕಪ್ಪಿನ ಹಿಂದಿನ ಡಬ್ಬದೊಳಗೆ ಕೂರಿಸುತ್ತಾರೆ. ಟ್ರೇಲರಿನ ಭಾರ ನೇರವಾಗಿ ಹಿಂದಿನ ಆಕ್ಸಲ್ ಮೇಲೆ ಬೀಳುತ್ತದೆ, ಅದಕ್ಕೇ ಅದು ಅಲುಗಾಡುವುದು ತುಂಬ ಕಮ್ಮಿ. ಆದರೆ ಟ್ರೇಲರಿನ ಒಟ್ಟು ತೂಕದಲ್ಲಿ 15ರಿಂದ 25 ಪರ್ಸೆಂಟ್ ಪಿಕಪ್ಪಿನ ಮೇಲೆಯೇ ಕೂರುತ್ತದೆ. 2,500 ಕೆಜಿಯ ಚಿಕ್ಕ ಫಿಫ್ತ್ ವೀಲ್ ಅಂದರೂ ಹತ್ತಿರ ಹತ್ತಿರ 500 ಕೆಜಿ ಡಬ್ಬದಲ್ಲಿ. ಅದರ ಮೇಲೆ ನಾಲ್ಕು ಜನ, ಸಾಮಾನು. ನಮ್ಮ ಡಬಲ್ ಕ್ಯಾಬ್ ಗಾಡಿಗಳ ಗಿಡ್ಡ ಡಬ್ಬಕ್ಕೆ ಅದು ಹೇಳಿದ್ದಲ್ಲ. ಅಲ್ಲಿ ಸಣ್ಣ ಇಂಜಿನ್ ಅಂದರೆ ಫೋರ್ಡ್ ಎಫ್-150ಗೆ 2015ರ ಮಾಡೆಲ್‌ನಲ್ಲಿ ಬಂದ 2.7 ಲೀಟರ್ ವಿ6, ಅದೇ 325 ಹಾರ್ಸ್‌ಪವರ್! ಅವರ ಸಣ್ಣದು ನಮಗೆ ಸಣ್ಣದಲ್ಲ.

ಹಾಗಾಗಿ ನಾನು ಮಾಡಿಸಿದ್ದು ಸಾದಾ ಬಾಲ್ ಹಿಚ್ ಟ್ರೇಲರ್, ಅಂದರೆ ಗಾಡಿಯ ಹಿಂದಿನ ಕಬ್ಬಿಣದ ಗುಂಡಿಗೆ ಟ್ರೇಲರಿನ ಮೂತಿ ಸಿಕ್ಕಿಸುವಂಥದ್ದು. ಒಂದೇ ಆಕ್ಸಲ್, ಒಳಗೆ ಇಬ್ಬರು ದೊಡ್ಡವರು ಇಬ್ಬರು ಮಕ್ಕಳು ಮಲಗುವಷ್ಟು ಜಾಗ, ಹಿಂಬಾಗಿಲು ಎತ್ತಿದರೆ ಅಡುಗೆ ಕಟ್ಟೆ, 200 ಲೀಟರಿನ ನೀರಿನ ಟ್ಯಾಂಕು. ಇದನ್ನು ಮಾಡಿಕೊಟ್ಟ ವರ್ಕ್‌ಶಾಪಿನ ಹೆಸರು ಹೇಳುವುದಿಲ್ಲ. ವೆಲ್ಡಿಂಗ್ ಚೆನ್ನಾಗಿದೆ, ಮರದ ಕೆಲಸ ಇನ್ನೂ ಚೆನ್ನಾಗಿದೆ, ಮಳೆಗಾಲದಲ್ಲಿ ಒಂದು ಹನಿ ಒಳಗೆ ಬಂದಿಲ್ಲ. ಆದರೆ ಅವರು ಬ್ರೇಕ್ ಹಾಕಿರಲಿಲ್ಲ. "ಗಾಡಿಯ ಬ್ರೇಕೇ ಸಾಕು ಸಾರ್, ಎಲ್ಲರಿಗೂ ಹಾಗೇ ಕೊಡುವುದು" ಅಂದರು. ನಾನು ಒಪ್ಪಿಕೊಂಡೆ. ನೀರು ತುಂಬಿಸಿ, ಸಾಮಾನು ಹಾಕಿ, ವೇಬ್ರಿಜ್ ಮೇಲೆ ನಿಲ್ಲಿಸಿದಾಗ ಟ್ರೇಲರ್ 1,150 ಕೆಜಿ. ಗಾಡಿ, ನಾವು, ಎಲ್ಲ ಸೇರಿ ಸುಮಾರು 3,400 ಕೆಜಿ.

ಮೊದಲ ದೊಡ್ಡ ಪ್ರಯಾಣ ಸಕಲೇಶಪುರಕ್ಕೆ. ಆಗುಂಬೆ ಘಾಟಿ ನಮಗೆ ಹತ್ತಿರ, ಆದರೆ 14 ಹೇರ್‌ಪಿನ್ ತಿರುವುಗಳಲ್ಲಿ ಟ್ರೇಲರ್ ಎಳೆಯುವ ಯೋಚನೆ ಬೇಡ. ಟ್ರೇಲರಿನ ಚಕ್ರ ಯಾವಾಗಲೂ ಗಾಡಿಯ ಚಕ್ರಕ್ಕಿಂತ ಒಳಗೆ ಕಡಿದುಕೊಂಡು ಬರುತ್ತದೆ, ಎದುರಿಂದ ಬಸ್ಸು ಬಂದರೆ ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ. ಅದಕ್ಕೆ ಮಂಗಳೂರು ಕಡೆಗೆ ಬಂದು, ಬಿ.ಸಿ. ರೋಡ್, ಉಪ್ಪಿನಂಗಡಿ, ನೆಲ್ಯಾಡಿ, ಗುಂಡ್ಯ ದಾಟಿ ಶಿರಾಡಿ. ದೂರ ಜಾಸ್ತಿ, ಆದರೆ ರಸ್ತೆ ಅಗಲ, ಕಾಂಕ್ರೀಟು.

ಹತ್ತುವಾಗ ಗಾಡಿ ನನ್ನನ್ನು ಖುಷಿಪಡಿಸಿಬಿಟ್ಟಿತು. ಮೂರನೇ ಗೇರ್, ಆರ್‌ಪಿಎಂ ಮುಳ್ಳು 2,200ರ ಆಸುಪಾಸು, 40ರ ಸ್ಪೀಡು. ಕೂಲೆಂಟ್ ಮುಳ್ಳು ಮಧ್ಯದಿಂದ ಅಲುಗಲಿಲ್ಲ. ಎಸಿ ಹಾಕಿಕೊಂಡೇ ಹೋದೆವು. ಯಾಕೆ ಅಂತ ಮನೆಗೆ ಬಂದು ಲೆಕ್ಕ ಹಾಕಿದೆ. 3,400 ಕೆಜಿಯನ್ನು 100 ಮೀಟರಿಗೆ 6 ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ಸ್ಪೀಡಿನಲ್ಲಿ ಹತ್ತಿಸಲು ಚಕ್ರಕ್ಕೆ ಬೇಕಾದದ್ದು 40 ಪಿಎಸ್‌ಗಿಂತ ಕಮ್ಮಿ! ಇರುವುದು 163. ಅಂದರೆ ಇಂಜಿನ್ ಕಾಲು ಭಾಗದ ಶಕ್ತಿಯಲ್ಲಿ ಕೆಲಸ ಮುಗಿಸುತ್ತಿದೆ. 80ರಲ್ಲಿ ಹತ್ತಬೇಕು ಅಂದರೆ ಲೆಕ್ಕ ಬೇರೆ, ಆಗ ಏರಿನ ಕೆಲಸವೇ ದುಪ್ಪಟ್ಟು, ಗಾಳಿಯ ಕಾಟ ಅದಕ್ಕಿಂತ ಜೋರು. ಆದರೆ ಹಿಂದೆ ಮನೆ ಕಟ್ಟಿಕೊಂಡು ಘಾಟಿಯಲ್ಲಿ 80ರಲ್ಲಿ ಹೋಗುವ ಅವಸರ ಯಾರಿಗುಂಟು? ಸಣ್ಣ ಇಂಜಿನ್ ಕೇಳುವುದು ಇಷ್ಟೇ, ಗೇರ್ ಬೇಗ ಇಳಿಸಿ, 2,000ದ ಕೆಳಗೆ ಬೀಳಲು ಬಿಡಬೇಡಿ. ನಾಲ್ಕನೇ ಗೇರಿನಲ್ಲಿ 1,400ಕ್ಕೆ ಇಳಿಸಿ ಆಕ್ಸಿಲರೇಟರ್ ತುಳಿದರೆ ಎಂತ ಇಂಜಿನ್ ಆದರೂ ಒದ್ದಾಡುತ್ತದೆ.

ಎರಡು ದಿನ ಬಿಟ್ಟು ವಾಪಸ್ ಇಳಿಯುವಾಗ ಎಲ್ಲ ತಿರುಗಿತು.

ಮುಂದೆ ಒಂದು ಟ್ಯಾಂಕರ್ ನಿಧಾನವಾಗಿ ಇಳಿಯುತ್ತಿತ್ತು. ನಾನು ನಾಲ್ಕನೇ ಗೇರಿನಲ್ಲಿ, ಆಗಾಗ ಬ್ರೇಕ್ ಒತ್ತುತ್ತಾ. ಒತ್ತಿದಾಗಲೆಲ್ಲ ಹಿಂದಿನಿಂದ ಯಾರೋ ತಳ್ಳಿದ ಹಾಗೆ ಒಂದು ಗುದ್ದು. ಗುಂಡ್ಯ ಬರುವಷ್ಟರಲ್ಲಿ ಸುಟ್ಟ ವಾಸನೆ, ಪೆಡಲ್ ಮೊದಲಿಗಿಂತ ಕೆಳಗೆ ಹೋಗುತ್ತಿತ್ತು. ಅಗಲದ ಜಾಗ ನೋಡಿ ನಿಲ್ಲಿಸಿದೆ. ಮುಂದಿನ ಚಕ್ರದ ಹತ್ತಿರ ಕೈ ಒಯ್ಯಲು ಆಗಲಿಲ್ಲ, ಅಷ್ಟು ಬಿಸಿ. ಮಕ್ಕಳು ಹಿಂದಿನ ಸೀಟಿನಲ್ಲಿ ಮಲಗಿದ್ದರು. ಹೆಂಡತಿ ಏನೂ ಮಾತಾಡಲಿಲ್ಲ, ಮುಕ್ಕಾಲು ಗಂಟೆ ಅಲ್ಲೇ ಕೂತೆವು. ಈಗಲೂ ಆ ಜಾಗ ದಾಟುವಾಗ ನನ್ನ ಕಾಲು ಬಿಗಿಯಾಗುತ್ತದೆ.

ಇದಕ್ಕೂ ಲೆಕ್ಕ ಇದೆ. ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲೆ. 3,400 ಕೆಜಿ ಭಾರ 800 ಮೀಟರ್ ಕೆಳಗೆ ಇಳಿದರೆ ಬರುವ ಶಕ್ತಿ, ತಣ್ಣನೆಯ 80 ಲೀಟರ್ ನೀರನ್ನು ಕುದಿಸಲು ಸಾಕು. ಬಚ್ಚಲ ಹಂಡೆ ತುಂಬ ನೀರು ನೆನಪು ಮಾಡಿಕೊಳ್ಳಿ. ಅದಕ್ಕೆ ಎಷ್ಟು ಸೌದೆ ಬೇಕು ಅಂತ ನಮ್ಮ ಕಡೆಯವರಿಗೆ ಗೊತ್ತು. ಅಷ್ಟು ಬಿಸಿ ಎಲ್ಲಿಗಾದರೂ ಹೋಗಲೇಬೇಕು. ಒಂದು ಪಾಲು ಇಂಜಿನ್ ತಗೊಳ್ಳುತ್ತದೆ, ಒಂದು ಪಾಲು ಟಯರು, ಗಾಳಿ. ಉಳಿದದ್ದೆಲ್ಲ ಬ್ರೇಕಿಗೆ. ಟ್ರೇಲರಿಗೆ ಬ್ರೇಕ್ ಇಲ್ಲದಿದ್ದರೆ ಅದರ ಪಾಲನ್ನೂ ಗಾಡಿಯ ಬ್ರೇಕೇ ಹೊರಬೇಕು.

ಪಕ್ಕದ ಮನೆಯ ಅಣ್ಣ ಮಲ್ಪೆಯಿಂದ ಮೀನಿನ ಲಾರಿ ಓಡಿಸಿದವರು, ಘಾಟಿಗಳೆಲ್ಲ ಅವರಿಗೆ ಅಂಗಳದ ಹಾಗೆ. ನಡೆದದ್ದು ಹೇಳಿದೆ. ಅವರು ಬೈಯಲಿಲ್ಲ. "ಹತ್ತುವಾಗ ಯಾವ ಗೇರು ಹಾಕಿದ್ದಿ? ಮೂರಾ? ಹಾಗಾದ್ರೆ ಇಳಿಯುವಾಗಲೂ ಮೂರೇ, ಭಾರ ಇದ್ದರೆ ಎರಡು. ಬ್ರೇಕ್ ಮೇಲೆ ಕಾಲು ಇಟ್ಟುಕೊಂಡೇ ಬರಬೇಡ, ಒಮ್ಮೆ ಗಟ್ಟಿ ಒತ್ತು, ಬಿಡು, ತಣಿಯಲಿ" ಅಂದರು. ಆಮೇಲೆ ಟ್ರೇಲರಿನ ಅಡಿಗೆ ಬಗ್ಗಿ ನೋಡಿ, "ಇದಕ್ಕೆ ಬ್ರೇಕ್ ಎಲ್ಲಿ ಮಾರಾಯ?" ಅಂದರು.

ಆ ಮೇಲೆ ಓದಿದ್ದು ನನ್ನ ಕಣ್ಣು ತೆರೆಸಿತು. ಬ್ರಿಟನ್ನಿನಲ್ಲಿ ಡಿ-ಮ್ಯಾಕ್ಸ್‌ಗೆ 2017ರಲ್ಲಿ 1.9 ಲೀಟರ್ ಇಂಜಿನ್ ಬಂದಾಗ ಎಷ್ಟು ಭಾರ ಎಳೆಯಬಹುದು ಅಂತ ಕಂಪೆನಿ ಕೊಟ್ಟ ಮಿತಿ ಹೀಗಿದೆ: ಬ್ರೇಕ್ ಇರುವ ಟ್ರೇಲರ್ ಆದರೆ 3,500 ಕೆಜಿ, ಬ್ರೇಕ್ ಇಲ್ಲದ ಟ್ರೇಲರ್ ಆದರೆ 750 ಕೆಜಿ. ಅದೇ ಗಾಡಿ, ಅದೇ ಇಂಜಿನ್! ಇದು ಅಲ್ಲಿ ಮಾರುವ ಗಾಡಿಯ ಅಂಕಿ, ನಮ್ಮ ಗಾಡಿಗೆ ನಮ್ಮ ಮ್ಯಾನ್ಯುವಲ್ಲೇ ನೋಡಬೇಕು, ಸುಮ್ನೆ ಅದನ್ನು ಇಲ್ಲಿಗೆ ತಂದು ಅಂಟಿಸಬೇಡಿ. ಆದರೆ ನಾನು ಬ್ರೇಕ್ ಇಲ್ಲದ 1,150 ಕೆಜಿಯನ್ನು ಮಕ್ಕಳನ್ನು ಕೂರಿಸಿಕೊಂಡು ಶಿರಾಡಿ ಇಳಿಸಿದ್ದೆ ಅನ್ನುವುದು ಆಗ ಅರ್ಥವಾಯಿತು.

ಈಗ ಟ್ರೇಲರಿಗೆ ಓವರ್‌ರನ್ ಬ್ರೇಕ್ ಹಾಕಿಸಿದ್ದೇನೆ. ಗಾಡಿ ನಿಧಾನ ಆದಾಗ ಟ್ರೇಲರ್ ಮುಂದಕ್ಕೆ ತಳ್ಳುತ್ತದಲ್ಲ, ಆ ತಳ್ಳುವಿಕೆಯೇ ಮೂತಿಯಲ್ಲಿರುವ ರಾಡನ್ನು ಒಳಗೆ ಒತ್ತಿ ಕೇಬಲ್ ಎಳೆದು ಟ್ರೇಲರಿನ ಡ್ರಮ್ ಬ್ರೇಕ್ ಹಿಡಿಸುತ್ತದೆ. ಕರೆಂಟು ಬೇಡ, ಗಾಡಿಯ ಬ್ರೇಕ್ ಲೈನಿಗೆ ಕೈ ಹಾಕುವುದು ಬೇಡ. ಜೊತೆಗೆ ಒಂದು ಬ್ರೇಕ್‌ಅವೇ ಕೇಬಲ್, ಹಿಚ್ ಏನಾದರೂ ಕಳಚಿಕೊಂಡರೆ ಅದು ಎಳೆದು ಟ್ರೇಲರಿನ ಬ್ರೇಕ್ ಹಾಕುತ್ತದೆ. ಒಂದೇ ತೊಂದರೆ, ರಿವರ್ಸ್ ತಗೊಳ್ಳುವಾಗಲೂ ಗಾಡಿ ತಳ್ಳುವುದರಿಂದ ಬ್ರೇಕ್ ಹಿಡಿದುಕೊಳ್ಳುತ್ತದೆ, ಅದಕ್ಕೊಂದು ಲಾಕ್ ಇರುವುದು ನೋಡಿಯೇ ತಗೊಳ್ಳಿ. ಹಾಕಿಸಿದ ಮೇಲೆ ಮತ್ತೆ ಎರಡು ಸಲ ಶಿರಾಡಿ ಇಳಿದಿದ್ದೇನೆ, ಮೂರನೇ ಗೇರಿನಲ್ಲಿ, ಗುಂಡ್ಯದಲ್ಲಿ ನಿಲ್ಲಿಸಿ ಮೂಸಿ ನೋಡಿದ್ದೇನೆ. ವಾಸನೆ ಇಲ್ಲ. ಹಿಂದಿನ ಗುದ್ದೂ ಇಲ್ಲ.

ಇನ್ನೊಂದು ಪಾಠ ಸಪಾಟು ರಸ್ತೆಯಲ್ಲೇ ಸಿಕ್ಕಿತು. ತ್ರಾಸಿ ಮರವಂತೆ ನಡುವೆ ಗೊತ್ತಲ್ಲ, ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ಗಾಳಿ ಜೋರಿತ್ತು, ನಾನು 75ರಲ್ಲಿ ಇದ್ದೆ, ಪಕ್ಕದಿಂದ ಒಂದು ಬಸ್ಸು ಬರ್ರನೆ ಹೋಯಿತು. ಟ್ರೇಲರ್ ಬಾಲ ಅಲ್ಲಾಡಿಸಲು ಶುರು ಮಾಡಿತು. ಒಮ್ಮೆ ಎಡ, ಒಮ್ಮೆ ಬಲ, ಪ್ರತಿ ಸಲ ಇನ್ನೂ ಜಾಸ್ತಿ. ಸ್ಟೀರಿಂಗ್ ನೇರ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆದೆ, ನಿಧಾನಕ್ಕೆ ಸರಿಯಾಯಿತು. ಆಗ ಬ್ರೇಕ್ ಒತ್ತುವುದು, ಸ್ಟೀರಿಂಗ್ ಆಚೆ ಈಚೆ ತಿರುಗಿಸುವುದು ಮಾಡಲೇಬಾರದು.

ಕಾರಣ ನೀರಿನ ಟ್ಯಾಂಕು. ವರ್ಕ್‌ಶಾಪಿನವರು ಅಡುಗೆ ಕಟ್ಟೆಗೆ ಹತ್ತಿರ ಆಗಲಿ ಅಂತ ಅದನ್ನು ಆಕ್ಸಲಿನ ಹಿಂದೆ ಇಟ್ಟಿದ್ದರು. ಬಾಲ್ ಹಿಚ್ ಟ್ರೇಲರಿನಲ್ಲಿ ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಮೂತಿಯ ಮೇಲೆ ಬೀಳಬೇಕು. ಅಪ್ಪನ ಅಡಿಕೆ ತೂಗುವ ಇಲೆಕ್ಟ್ರಾನಿಕ್ ತಕ್ಕಡಿ ತಂದು, ಸಪಾಟು ನೆಲದಲ್ಲಿ ಟ್ರೇಲರಿನ ಮೂತಿಯನ್ನು ಅದರ ಮೇಲೆ ಕೂರಿಸಿದೆ. 40 ಕೆಜಿ! ಬೇಕಾದದ್ದು ಕಮ್ಮಿ ಅಂದರೆ 115. ಟ್ಯಾಂಕನ್ನು ಒಂದೂಕಾಲು ಮೀಟರ್ ಮುಂದೆ, ಆಕ್ಸಲಿನ ಈಚೆಗೆ ತರಿಸಿದೆ. ಈಗ 118. ನೀರು ಖಾಲಿ ಆದಾಗ 80ರ ಹತ್ತಿರಕ್ಕೆ ಇಳಿಯುತ್ತದೆ, ಹಾಗಾಗಿ ವಾಪಸ್ ಬರುವಾಗ ಗ್ಯಾಸ್ ಸಿಲಿಂಡರು, ಕುರ್ಚಿಗಳು, ಟೆಂಟು ಎಲ್ಲ ಮುಂದಿನ ಪೆಟ್ಟಿಗೆಗೆ. ಅದಾದ ಮೇಲೆ ಮರವಂತೆಯಲ್ಲಿ ಗಾಳಿ ಇದ್ದಾಗಲೂ ಗಾಡಿ ನೆಟ್ಟಗೆ ಹೋಗುತ್ತದೆ. ನಾನು ಈಗ 65 ದಾಟುವುದಿಲ್ಲ.

ಮೈಲೇಜು ಕೇಳುವವರಿಗೆ, ಖಾಲಿ ಓಡಿಸಿದಾಗ ನನಗೆ 12ರಿಂದ 13, ಟ್ರೇಲರ್ ಕಟ್ಟಿದಾಗ ಎಂಟೂವರೆ. ಹೈವೇಯಲ್ಲಿ 60ಕ್ಕೆ ಇಳಿಸಿದರೆ ಒಂಬತ್ತು ದಾಟುತ್ತದೆ.

ಕಾಗದ ಪತ್ರದ ವಿಷಯ ಅಸಡ್ಡೆ ಮಾಡಬೇಡಿ. ಟ್ರೇಲರ್‌ಗೂ ಆರ್‌ಟಿಒದಲ್ಲಿ ಬೇರೆ ರಿಜಿಸ್ಟ್ರೇಶನ್ ಬೇಕು, ಮೋಟಾರು ವಾಹನ ಕಾಯ್ದೆ 1988ರ 61ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಟ್ರೇಲರಿನ ಸ್ವಂತ ನಂಬರ್ ಅದರ ಪಕ್ಕದಲ್ಲಿ ಇರಬೇಕು, ಎಳೆಯುವ ಗಾಡಿಯ ನಂಬರೂ ಟ್ರೇಲರಿನ ಮೇಲೆ ಕಾಣಬೇಕು. ಟ್ರೇಲರ್ ಮಾಡುವ ಮೊದಲೇ ಆರ್‌ಟಿಒಗೆ ಹೋಗಿ ಕೇಳಿ, ಮಾಡಿಸಿಕೊಂಡು ಹೋದರೆ ತಡ.

ಯಾರಿಗೆ ಈ ಗಾಡಿ ಸರಿ? ಒಂದರಿಂದ ಒಂದೂವರೆ ಟನ್ ಒಳಗಿನ ಕ್ಯಾಂಪರು, ವರ್ಷಕ್ಕೆ ಆರೇಳು ಸಲ ಹೊರಡುವವರು, ಅವಸರ ಇಲ್ಲದವರು, ಇವರಿಗೆ 1.9 ಧಾರಾಳ ಸಾಕು, ದೊಡ್ಡ ಇಂಜಿನ್ನಿಗೆ ಕೊಡುವ ದುಡ್ಡನ್ನು ಒಳ್ಳೆಯ ಹಿಚ್, ಟ್ರೇಲರ್ ಬ್ರೇಕ್, ಹೊಸ ಟಯರಿಗೆ ಹಾಕಿ. ಎರಡೂವರೆ ಟನ್ನಿನ ಫಿಫ್ತ್ ವೀಲ್ ಕನಸು ಇದ್ದರೆ ಈ ಗಾತ್ರದ ಪಿಕಪ್ ಬೇಡ. ಇಂಜಿನ್ ಎಳೆದೀತು, ಆದರೆ ಡಬ್ಬ, ಹಿಂದಿನ ಲೀಫ್ ಸ್ಪ್ರಿಂಗು, ಬ್ರೇಕು ಆ ಭಾರಕ್ಕೆ ಆಗುವುದಿಲ್ಲ.

ಕಡಲ ಬದಿಯವರಿಗೆ ಒಂದು ಮಾತು. ನಮ್ಮ ಉಪ್ಪು ಗಾಳಿಗೆ ಮೊದಲು ಹಾಳಾಗುವುದು ಲೈಟಿನ ಏಳು ಪಿನ್ ಪ್ಲಗ್. ಒಂದೇ ಮಳೆಗಾಲಕ್ಕೆ ನನ್ನದರ ಪಿನ್ನುಗಳು ಹಸಿರಾಗಿ, ಎಡ ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟ್ ಮಿಣುಕುತ್ತಿತ್ತು. ಅರ್ತ್ ವೈರು ತುಕ್ಕು ಹಿಡಿದಿತ್ತು. ಈಗ ಪ್ರತಿ ತಿಂಗಳು ಪ್ಲಗ್ ಉಜ್ಜಿ ಗ್ರೀಸ್ ಹಚ್ಚುತ್ತೇನೆ, ಹೊರಡುವ ಮೊದಲು ದೊಡ್ಡ ಮಗಳು ಹಿಂದೆ ನಿಂತು ಒಂದೊಂದೇ ಲೈಟು ನೋಡಿ "ಸರಿ ಉಂಟು ಅಪ್ಪ" ಅಂದ ಮೇಲೆಯೇ ಗಾಡಿ ಗೇಟು ದಾಟುವುದು.